ಪ್ರೋನೋಟು ವಾಪಸು ಪಡೆಯುವ ವಿಚಾರ

ಜಿನೋವಾ, ಇಟಲಿ

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ.

ಅಕ್ಕನ ಕಾಗದ ಓದಿದಂದಿನಿಂದ ನನಗೆ ಸಮಾಧಾನವಿಲ್ಲ. ಕೆಳಮನೆಯವರ ಕೈಸಾಲವನ್ನು ನೀವು ಬಡ್ಡಿಸಹಿತ ತೀರಿಸಿದ್ದು ಸಂತೋಷ. ಆದರೆ ನೀವು ಸಹಿ ಹಾಕಿದ ಪ್ರೋನೋಟು ಇನ್ನೂ ಅವರ ಪೆಟ್ಟಿಗೆಯಲ್ಲೇ ಇದೆಯಂತೆ. ನಂಬಿಕೆಯ ಜನ, ಕೇಳುವುದು ಹೇಗೆ ಎಂದಿರಂತೆ.

ನಾನು ಇಲ್ಲಿ ದಿನವೂ ಓದುತ್ತಿರುವುದು ಇಂತಹ ಹಳೆಯ ಸಾಲಪತ್ರಗಳನ್ನೇ. ಜೊವಾನ್ನಿ ಸ್ಕ್ರಿಬಾ ಎಂಬ ನೋಟರಿ 1154ರಿಂದ 1164ರವರೆಗೆ ಬರೆದ ದಫ್ತರ ಈ ಊರಿನಲ್ಲಿದೆ. ನೋಟರಿಗಳ ದಫ್ತರಗಳಲ್ಲಿ ಇಂದಿಗೆ ಉಳಿದಿರುವ ಅತಿ ಹಳೆಯದು ಇದೇ. ಸಾಲದ ಮೊತ್ತ, ವಾಯಿದೆ, ಸಾಕ್ಷಿಗಳ ಹೆಸರು, ತಾರೀಖು, ಮಾತು ನಡೆದ ಸ್ಥಳ ಎಲ್ಲವನ್ನೂ ನೋಟರಿ ಲ್ಯಾಟಿನ್ನಿನಲ್ಲಿ ಮೊಟಕಾಗಿ ಬರೆದಿಟ್ಟುಕೊಂಡು, ಕೇಳಿದವರಿಗೆ ಚರ್ಮದ ಹಾಳೆಯ ಮೇಲೆ ಪೂರ್ಣ ಪ್ರತಿ ಮಾಡಿಕೊಡುತ್ತಿದ್ದ. ಹಣ ಕೈಗೆ ಬರಲೇ ಇಲ್ಲವೆಂದು ಮುಂದೆ ತಕರಾರು ತೆಗೆಯುವುದಿಲ್ಲ ಎಂದೂ ಸಾಲಗಾರನಿಂದ ಒಪ್ಪಿಸಿ ಬರೆಯುವ ವಾಡಿಕೆಯಿತ್ತು. ಚರ್ಚು ಬಡ್ಡಿಯನ್ನು ನಿಷೇಧಿಸಿದ್ದರಿಂದ ಎಷ್ಟೋ ಪತ್ರಗಳಲ್ಲಿ ಬಡ್ಡಿಯ ಸುಳಿವೇ ಇಲ್ಲ. ಪ್ರೀತಿಯಿಂದ, ಪುಕ್ಕಟೆಯಾಗಿ ಕೊಟ್ಟ ಸಾಲವೆಂದಿರುತ್ತದೆ. ಅಪ್ಪಾ, ಪ್ರೀತಿಯ ಸಾಲಕ್ಕೂ ಅವರು ಸಾಕ್ಷಿ ಹಾಕಿಸಿದರು.

ನಿಮಗೆ ಹೇಳಲೇಬೇಕಾದದ್ದು ಇದು. ಸಾಲ ತೀರಿದಾಗ ನೋಟರಿ ದಫ್ತರ ತೆರೆದು ಆ ಬರಹದ ಮೇಲೆ ಓರೆಯಾಗಿ ಗೆರೆ ಎಳೆಯುತ್ತಿದ್ದ. ಕೆಲವೆಡೆ, ಉಭಯತ್ರರ ಒಪ್ಪಿಗೆಯಿಂದ ರದ್ದಾಯಿತೆಂದು ಪಕ್ಕದಲ್ಲಿ ಷರಾ ಇದೆ. ಗೆರೆಯ ಕೆಳಗಿನ ಅಕ್ಷರಗಳನ್ನು ಈಗಲೂ ಓದಬಹುದು. ಆದರೆ ಅದನ್ನು ಹಿಡಿದು ಮತ್ತೆ ಹಣ ಕೇಳುವಂತಿರಲಿಲ್ಲ. ಅಂತಹ ಪುಟ ಕಂಡಾಗಲೆಲ್ಲ ನನಗೆ ನಿಮ್ಮ ನೋಟಿನದೇ ನೆನಪು.

ಹಣ ತೀರಿಸಿದವರಿಗೆ ನೋಟು ವಾಪಸು ಕೇಳುವ ಹಕ್ಕನ್ನು ನಮ್ಮ ಕಾಯ್ದೆಯೂ ಕೊಟ್ಟಿದೆ. ಅದು ಇನ್ನೊಬ್ಬರ ಕೈಸೇರಿದರೆ ಕೆಳಮನೆಯವರ ಒಳ್ಳೆಯತನ ನಮ್ಮನ್ನು ಕಾಯಲಾರದು. ದಯವಿಟ್ಟು ಚಿಕ್ಕಪ್ಪನನ್ನು ಕರೆದುಕೊಂಡು ಹೋಗಿ, ಪೂರಾ ಸಂದಾಯವಾಗಿದೆ ಎಂದು ಹಿಂಬದಿಯಲ್ಲಿ ಷರಾ ಬರೆಸಿ, ಅವರ ಸಹಿ, ತಾರೀಖು ಹಾಕಿಸಿಕೊಂಡು ನೋಟನ್ನು ಮನೆಗೆ ತನ್ನಿರಿ. ಅವರು ಬೇಸರಪಟ್ಟರೆ ಮಗನ ಹಟವೆಂದು ಹೇಳಿರಿ.

ನನ್ನ ಚಿಂತೆ ಖಂಡಿತ ಬೇಡ. ಊಟಕ್ಕೆ ಕೊರತೆಯಿಲ್ಲ, ಚಳಿಗೆ ಉಣ್ಣೆಯ ಬಟ್ಟೆ ಬೇಕಾದಷ್ಟಿದೆ, ಆರೋಗ್ಯ ಬಹಳ ಚೆನ್ನಾಗಿದೆ. ಅಮ್ಮನಿಗೆ ಇದನ್ನು ಎರಡೆರಡು ಸಲ ಓದಿ ಹೇಳಿರಿ. ಓದುವ ಕೋಣೆ ಮುಚ್ಚುವ ಹೊತ್ತಾಯಿತು. ನೋಟು ಕೈಗೆ ಬಂದ ದಿನವೇ ಅಕ್ಕನಿಂದ ಫೋನು ಮಾಡಿಸಿರಿ.

ಇತಿ ನಿಮ್ಮ ಮಗ