ಮಗಳಿಗೊಂದು ಪತ್ರ: ಮೋರ್ಯರ ಗುಡ್ಡದ ಕೆಳಗೆ ಉಂಡ ಬುತ್ತಿ

ಕೊಪ್ಪಳ, ಸೋಮವಾರ ರಾತ್ರಿ

ಮಗಳೇ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು "ಊಟ ಆಯ್ತಾ" ಅಂತ ಕೇಳುತ್ತೇನೆ, ನೀನು "ಆಯ್ತವ್ವ" ಅನ್ನುತ್ತೀ. ಊಟದ ಮಾತು ಬಂದರೆ ಸಾಕು, ಇಬ್ಬರೂ ಸುಮ್ಮನಾಗಿಬಿಡುತ್ತೇವೆ. ಪಂಚಮಿ ಹಬ್ಬದಲ್ಲಿ ನೀನು ಹಾಲು, ತುಪ್ಪ ಬೇಡ ಅಂದಾಗಿನಿಂದ ಹೀಗೇ ಆಗಿದೆ, ಅಲ್ವಾ? ಅದಕ್ಕೇ ಬರೆಯಲು ಕೂತಿದ್ದೇನೆ.

ನಿನ್ನೆ ನಮ್ಮ ಓಣಿಯವರೆಲ್ಲ ಸೇರಿ ಹಿರೇಬೆಣಕಲ್ಲಿಗೆ ಹೋಗಿದ್ದೆವು. ಎರಡು ಕ್ರೂಸರ್, ಇಪ್ಪತ್ತೆರಡು ಜನ. ಎಲ್ಲರಿಗಿಂತ ಸಣ್ಣವನಿಗೆ ಆರು ವರ್ಷ. ಎಲ್ಲರಿಗಿಂತ ದೊಡ್ಡವಳು ಎದುರು ಮನೆಯ ಆಯಿ, ಎಪ್ಪತ್ತು ದಾಟಿದವಳು. ಇಷ್ಟು ವರ್ಷ ಇದೇ ಜಿಲ್ಲೆಯಲ್ಲಿ ಸಮಾಜ ಪಾಠ ಹೇಳಿದೆ. ಹರಪ್ಪ, ಮೊಹೆಂಜೊದಾರೊ ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದೆನೋ. ಗಂಗಾವತಿಯಿಂದ ಹತ್ತು ಕಿಲೋಮೀಟರ್ ದೂರದಲ್ಲಿರುವ, ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಕಟ್ಟಡಗಳಿರುವ ಈ ಗುಡ್ಡವನ್ನು ಮಾತ್ರ ಒಂದು ಸಲವೂ ಹತ್ತಿರಲಿಲ್ಲ. ಒಂದು ತರಗತಿಯ ಮಕ್ಕಳನ್ನೂ ಕರೆದುಕೊಂಡು ಹೋಗಲಿಲ್ಲವಲ್ಲ ಅಂತ ನಿನ್ನೆ ತುಂಬಾ ಸಂಕಟವಾಯಿತು.

ಬೆಳಿಗ್ಗೆ ಆರಕ್ಕೆ ಹೊರಟೆವು. ಚಳಿ ಇತ್ತು. ಗಂಗಾವತಿ ಕಡೆ ಹೋದಂತೆ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ. ಆ ಹಸಿರಿನ ಹಿಂದೆಯೇ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳ ಗುಡ್ಡ. ಗುಡ್ಡಕ್ಕೆ ಮೆಟ್ಟಿಲಿಲ್ಲ. ಬಂಡೆ ಹಿಡಿದು, ಮುಳ್ಳು ಸರಿಸಿ ಹತ್ತಬೇಕು. ಊರಿನ ಇಬ್ಬರು ಹುಡುಗರು ದಾರಿ ತೋರಿಸಲು ಬಂದರು. ಅವರಿಲ್ಲದಿದ್ದರೆ ನಾವು ಅರ್ಧ ದಾರಿಯಲ್ಲೇ ತಪ್ಪಿಸಿಕೊಳ್ಳುತ್ತಿದ್ದೆವು. ಕರಡಿ ಓಡಾಡುವ ಗುಡ್ಡ, ಸಂಜೆಯವರೆಗೂ ಮೇಲೆ ಇರಬೇಡಿ ಅಂತ ಮೊದಲೇ ಹೇಳಿದರು. ಆಯಿ ಮತ್ತು ಇನ್ನಿಬ್ಬರು ಕೆಳಗೇ ಉಳಿದರು. ನಾನು ಮೂರು ಕಡೆ ಕೂತು ದಣಿವಾರಿಸಿಕೊಂಡೆ. ಮೊಣಕಾಲು ಇವತ್ತೂ ನೋಯುತ್ತಿದೆ.

ಮೇಲೆ ಹೋದ ಮೇಲೆ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಗಳೇ, ಅದು ಒಂದು ಊರಿನ ಹಾಗೇ ಇದೆ. ಓಣಿಗಳಿದ್ದ ಹಾಗೆ ಸಾಲು ಸಾಲು ಕಲ್ಲಿನ ಮನೆಗಳು. ಮೂರು ಕಡೆ, ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ದೊಡ್ಡ ಚಪ್ಪಡಿ ಹೊದಿಸಿದ್ದಾರೆ. ಕೆಲವು ಸೊಂಟದೆತ್ತರ ಇವೆ, ಕೆಲವು ನಮ್ಮ ತಲೆಗಿಂತ ಎತ್ತರ. ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಹಿಟ್ಟು ಸೋಸುವ ಜರಡಿ ಇಟ್ಟು ಗೆರೆ ಎಳೆದರೋ ಅನ್ನುವಷ್ಟು ದುಂಡು. ಸಣ್ಣವನು ಅದರೊಳಗೆ ತಲೆ ಹಾಕಿ "ಯಾರಿದ್ದೀರಿ" ಅಂತ ಕೂಗಿದ. ಅವನ ಅವ್ವ ಬೈದು ಎಳೆದುಕೊಂಡಳು. ಇವು ಮನೆಗಳಲ್ಲ, ಸತ್ತವರಿಗಾಗಿ ಕಟ್ಟಿದ ಗೋರಿಗಳು. ಸುಮಾರು 400 ಇವೆ. ಕ್ರಿಸ್ತಪೂರ್ವ 800ರಿಂದ 200ರ ನಡುವಿನ ಕಾಲದವು ಅನ್ನುತ್ತಾರೆ. ಅಂದರೆ ನಮ್ಮ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನ ಕೆತ್ತುವುದಕ್ಕೂ ನೂರಾರು ವರ್ಷ ಮೊದಲೇ ಇಲ್ಲಿ ಕೆಲಸ ಶುರುವಾಗಿತ್ತು. ನಿಜಾಮನ ಸೇವೆಯಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1835ರಲ್ಲೇ ಇದರ ಬಗ್ಗೆ ಬರೆದ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೂ ಸೇರಿತು.

ಊರಿನವರಿಗೆ ಇದು ಮೋರ್ಯರ ಗುಡ್ಡ. ಮೋರ್ಯರು ಅಂದರೆ ಮೂರು ಅಡಿ ಎತ್ತರದ ಕುಳ್ಳ ಜನ. ಬೆಂಕಿಯ ಮಳೆ ಸುರಿಯುತ್ತದೆ ಅಂತ ಅವರಿಗೆ ಗೊತ್ತಾಯಿತಂತೆ. ಅದಕ್ಕೇ ಕಲ್ಲಿನ ಮನೆ ಕಟ್ಟಿಕೊಂಡರಂತೆ. ದಾರಿ ತೋರಿಸುತ್ತಿದ್ದ ಹುಡುಗ ಈ ಕತೆಯನ್ನು ತನ್ನ ಅಜ್ಜನ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದ. ಪುಸ್ತಕದಲ್ಲಿ ಗೋರಿ ಅಂತಿದೆ, ಇವರು ಮನೆ ಅನ್ನುತ್ತಾರೆ. ನನಗೆ ಮನೆ ಅನ್ನುವ ಮಾತೇ ಹಿಡಿಸಿತು. ಸತ್ತವರಿಗೆ ಇಷ್ಟು ಅಕ್ಕರೆಯಿಂದ ನೆರಳು ಮಾಡಿಕೊಟ್ಟ ಜನ ಅವರು.

ಒಂದು ಬಂಡೆಯ ಮೇಲೆ ಕಲ್ಲಿನ ನಗಾರಿ ಇದೆ. ಅರ್ಧ ಗೋಳದಂತಹ ದೊಡ್ಡ ಕಲ್ಲು, ನಮ್ಮ ಎತ್ತರಕ್ಕಿದೆ. ಕಟ್ಟಿಗೆಯಿಂದ ಬಡಿದರೆ ಸದ್ದು ದೂರದವರೆಗೆ ಕೇಳುತ್ತದೆ. ಹುಡುಗ ಮೆಲ್ಲಗೆ ಎರಡೇ ಸಲ ಬಡಿದ. ಕಲ್ಲಿನಿಂದ ಬಡಿಯಬೇಡಿ ಅಂತ ಎಲ್ಲರಿಗೂ ಹೇಳಿದ. ಆ ಸದ್ದು ಎದೆಗೇ ಬಡಿದ ಹಾಗಿತ್ತು. ಹತ್ತಿರದಲ್ಲೇ ಒಂದು ಹೊಂಡವಿದೆ. ಚಪ್ಪಡಿ ತೆಗೆದ ಜಾಗವೇ ನೀರು ನಿಂತು ಹೊಂಡವಾಗಿದೆ. ಬಂಡೆಯ ಮರೆಯಲ್ಲಿ ಕೆಂಪು ಬಣ್ಣದ ಚಿತ್ರಗಳೂ ಇವೆ. ಕುಣಿಯುವವರು, ಬೇಟೆಯಾಡುವವರು, ದನಗಳು. ಕೆಲವು ಮನೆಗಳು ಬಿದ್ದಿವೆ. ನಿಧಿಯ ಆಸೆಗೆ ಅಗೆದವರಿದ್ದಾರೆ. ಅದನ್ನು ನೋಡಿ ಸಿಟ್ಟು ಬಂತು. ಎರಡು ಸಾವಿರ ವರ್ಷ ಮಳೆ ಗಾಳಿಗೆ ಬೀಳದ್ದನ್ನು ಒಂದು ರಾತ್ರಿಯಲ್ಲಿ ಕೆಡವಲು ಹೇಗೆ ಮನಸ್ಸು ಬರುತ್ತದೆ?

ಮೇಲೆ ಊಟ ಬೇಡ ಅಂತ ಮೊದಲೇ ಮಾತಾಗಿತ್ತು. ಎಲೆ, ಪ್ಲಾಸ್ಟಿಕ್ ಬಿಟ್ಟು ಬರುವ ಜಾಗವಲ್ಲ ಅದು. ಕೆಳಗೆ ಬೇವಿನ ಮರದಡಿ ಊರಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಬುತ್ತಿ ತಂದಿದ್ದರು. ನಾನು ಬರೆಯಬೇಕು ಅಂದುಕೊಂಡಿದ್ದು ಇಲ್ಲಿಂದಲೇ ಶುರು.

ಹೋದ ವಾರ ಅವರಿಗೆ ಫೋನ್ ಮಾಡಿ, ತಲೆಗೆ ಇಷ್ಟು ಅಂತ ದುಡ್ಡಿನ ಮಾತು ಮುಗಿಸಿದ ಮೇಲೆ ಒಂದು ಮಾತು ಕೇಳಿದ್ದೆ. ಹಾಲು, ಮೊಸರು, ತುಪ್ಪ ಯಾವುದೂ ಇಲ್ಲದೆ ಊಟ ಮಾಡಲಿಕ್ಕೆ ಆಗುತ್ತಾ ಅಂತ. ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ. ನೀನು ಏನು ಉಣ್ಣುತ್ತೀ ಅಂತ ಒಂದು ದಿನವಾದರೂ ಉಂಡು ನೋಡಬೇಕು ಅನಿಸಿತ್ತು, ಅಷ್ಟೆ. ಆ ಕಡೆಯವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ಟೀಚರ್, ಹೊಲಕ್ಕೆ ಒಯ್ಯೋ ಬುತ್ತಿಯೊಳಗ ತುಪ್ಪ ಯಾವಾಗ ಇತ್ತರೀ? ನಾವು ದಿನಾ ಉಣ್ಣೋದೇ ಅದನ್ನ."

ಆ ಮಾತು ನನ್ನನ್ನು ಎರಡು ದಿನ ಮಲಗಲು ಬಿಡಲಿಲ್ಲ.

ಏನೇನಿತ್ತು ಹೇಳುತ್ತೇನೆ ಕೇಳು. ಮುತ್ತಲ ಎಲೆಯ ಪತ್ರಾವಳಿ. ಬಿಳಿಜೋಳದ ಮೆತ್ತನೆಯ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಸಣ್ಣ ಮುಳ್ಳು ಬದನೆಕಾಯಿಯ ಎಣ್ಣೆಗಾಯಿ. ಅದರ ಹೊಟ್ಟೆಗೆ ಶೇಂಗಾ ಪುಡಿ, ಗುರೆಳ್ಳು ಪುಡಿ, ಹುಣಸೆ, ಬೆಲ್ಲ ತುಂಬಿದ್ದರು. ಪುಂಡಿಪಲ್ಯ, ಜೋಳದ ನುಚ್ಚು ಹಾಕಿ ಕುದಿಸಿದ್ದು. ಹುರಳಿಕಾಳಿನ ಪಲ್ಯ. ಅಗಸಿ ಹಿಂಡಿ, ಶೇಂಗಾ ಹಿಂಡಿ, ಈ ಚಟ್ನಿಪುಡಿಗಳಿಗೆ ಮೊಸರಿನ ಬದಲು ಕುಸುಬಿ ಎಣ್ಣೆ. ಹಸಿ ಮೆಂತ್ಯ, ಮೂಲಂಗಿ, ಮುಷ್ಟಿಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿ. ಕೊನೆಗೆ ಶೇಂಗಾ ಹೋಳಿಗೆ, ಎಣ್ಣೆ ಹಚ್ಚಿ ಬೇಯಿಸಿದ್ದು. ಇಪ್ಪತ್ತೆರಡು ಜನ ಒಂದೇ ಸಾಲಿನಲ್ಲಿ ಕೂತು ಉಂಡೆವು. ದಾರಿ ತೋರಿಸಿದ ಹುಡುಗರನ್ನೂ ಕೂರಿಸಿಕೊಂಡೆವು. ನಮಗೆ ಬಡಿಸಿದವರು ಉಣ್ಣುವಾಗ ನಮ್ಮ ಓಣಿಯವರು ಬಡಿಸಿದರು. ಮೊಸರು ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ. ನಾನು ಕಾಯುತ್ತಾ ಕೂತಿದ್ದೆ, ಒಬ್ಬರಾದರೂ ಕೇಳುತ್ತಾರೆ ಅಂತ. ಯಾರಿಗೂ ಅದು ನೆನಪೇ ಆಗಲಿಲ್ಲ.

ಹುರಳಿ ಪಲ್ಯ ಬಡಿಸುವಾಗ ಮಕ್ಕಳಿಗೆ ಒಂದು ವಿಷಯ ಹೇಳಿದೆ. ನಿನಗೂ ಹೇಳುತ್ತೇನೆ. ಬಳ್ಳಾರಿ ಹತ್ತಿರ ಸಂಗನಕಲ್ಲು ಇದೆಯಲ್ಲ, ಅಲ್ಲಿ ಈ ಗೋರಿಗಳಿಗಿಂತಲೂ ಹಳೆಯ ಕಾಲದ ಜನ ಇದ್ದರು. ಆ ಮಣ್ಣನ್ನು ಜರಡಿ ಹಿಡಿದು ನೋಡಿದವರಿಗೆ ಸುಟ್ಟು ಕಪ್ಪಾದ ಕಾಳುಗಳು ಸಿಕ್ಕಿವೆ. ಹುರಳಿ, ಹೆಸರು, ಕೊರಲೆಯಂಥ ಸಿರಿಧಾನ್ಯ. ನಮ್ಮ ಜೋಳ ಹುಟ್ಟಿದ್ದು ಆಫ್ರಿಕಾದಲ್ಲಿ, ಆಮೇಲೆ ಇಲ್ಲಿಗೆ ಬಂತು. ಶೇಂಗಾ, ಮೆಣಸಿನಕಾಯಿ ಬಂದದ್ದು ಪೋರ್ಚುಗೀಸರು ಬಂದ ಮೇಲೆ, ಅಮೆರಿಕದ ಕಡೆಯಿಂದ. ಶೇಂಗಾ ಇಲ್ಲದ ನಮ್ಮ ಅಡುಗೆಮನೆ ಊಹಿಸಲಿಕ್ಕೂ ಆಗುವುದಿಲ್ಲ, ಆದರೂ ಅದು ಈಚಿನದು. ಹುರಳಿ ಮಾತ್ರ ನಾಲ್ಕು ಸಾವಿರ ವರ್ಷದಿಂದ ಈ ನೆಲದ ಒಲೆಯ ಮೇಲೆ ಕುದಿಯುತ್ತಲೇ ಇದೆ. ಆ ಕಾಲದ ಜನ ಹಾಲು, ಮಾಂಸ ಬಿಟ್ಟಿದ್ದರು ಅಂತ ನಾನು ಹೇಳುತ್ತಿಲ್ಲ. ಅವರು ದನ ಕಾಯುತ್ತಿದ್ದವರು. ಬಳ್ಳಾರಿ ಹತ್ತಿರದ ಕುಡತಿನಿಯ ಬೂದಿಗುಡ್ಡ ಅವರು ಸುಟ್ಟ ಸಗಣಿಯದೇ. ಊಟ ಅನ್ನುವುದು ಆಗಿನಿಂದಲೂ ಬದಲಾಗುತ್ತಾ ಬಂದಿದೆ, ಅದನ್ನು ಹೇಳಿದೆ ಅಷ್ಟೆ. ನೀನು ಬದಲಾಯಿಸಿದರೆ ಮಾತ್ರ ನಾನು ಯಾಕೆ ಅಷ್ಟು ಅತ್ತೆ?

ಪಂಚಮಿ ದಿನ ನೀನು ಬೆಂಗಳೂರಿನಿಂದ ನಿನ್ನ ಡಬ್ಬಿ ತಂದುಕೊಂಡೆ. ನಾನು ಹೋಳಿಗೆಗೆ ತುಪ್ಪ ಸುರಿದು ಮುಂದಿಟ್ಟೆ. ನೀನು ತಟ್ಟೆ ಸರಿಸಿದೆ. "ನಮ್ಮ ಊಟನೇ ಬಿಟ್ಟಿಯಲ್ಲ, ನಮ್ಮನ್ನ ಬಿಡೋದು ಯಾವಾಗ" ಅಂದುಬಿಟ್ಟೆ. ಆ ಮಾತು ಆಡಬಾರದಿತ್ತು. ಕರುವಿನ ಪಾಲಿನ ಹಾಲು ನನಗೆ ಬೇಡ ಅಂತ ನೀನು ಎಷ್ಟು ಮೆಲ್ಲಗೆ ಹೇಳಿದ್ದೆ. ನಾನು ಕೇಳಿಸಿಕೊಳ್ಳಲಿಲ್ಲ.

ಯಾಕೆ ಕೇಳಿಸಿಕೊಳ್ಳಲಿಲ್ಲ ಅಂತ ಆ ಬೇವಿನ ಮರದಡಿ ಕೂತಾಗ ಗೊತ್ತಾಯಿತು. ನಾನು ಸಣ್ಣವಳಿದ್ದಾಗ ನಮ್ಮ ಮನೆಯಲ್ಲಿ ಒಂದೇ ಎಮ್ಮೆ. ಹಾಲೆಲ್ಲ ಮಾರಾಟಕ್ಕೆ. ಚಹಾಕ್ಕೆ ನಾಲ್ಕು ಹನಿ ಉಳಿದರೆ ಅದೇ ಹೆಚ್ಚು. ತುಪ್ಪ ಕಾಣುತ್ತಿದ್ದದ್ದು ಹಬ್ಬದ ದಿನ, ಅದೂ ಅಪ್ಪನ ತಟ್ಟೆಯಲ್ಲಿ. ನಾವು ಮಕ್ಕಳು ರೊಟ್ಟಿ, ಹಿಂಡಿ, ಪುಂಡಿಪಲ್ಯ ಉಂಡು ಬೆಳೆದವರು. ನೌಕರಿ ಸಿಕ್ಕ ಮೊದಲ ತಿಂಗಳು ನಾನು ತಂದದ್ದು ಒಂದು ಕಿಲೋ ತುಪ್ಪ. ನನ್ನ ಮಗಳ ತಟ್ಟೆಗೆ ದಿನಾ ತುಪ್ಪ ಬೀಳಬೇಕು ಅಂತ ಆವತ್ತೇ ಅಂದುಕೊಂಡಿದ್ದೆ, ನೀನು ಹುಟ್ಟುವುದಕ್ಕೂ ಮುಂಚೆ. ಅದನ್ನು ನೀನು ಸರಿಸಿದಾಗ ನಾನು ದುಡಿದದ್ದನ್ನೇ ಸರಿಸಿದ ಹಾಗಾಯಿತು. ಇದು ನಿನ್ನ ತಪ್ಪಲ್ಲ. ನಿನಗೆ ಈ ಕತೆ ನಾನು ಹೇಳಿಯೇ ಇರಲಿಲ್ಲ.

ಇನ್ನೊಂದು ಸಂಗತಿ. ಊಟ ಆದ ಮೇಲೆ ಆಯಿ ಕೈ ತೊಳೆಯುತ್ತಾ ಅಂದಳು, "ಕುಸುಬಿ ಹಾಲಿನ ಹುಗ್ಗಿ ಮಾಡಿದ್ದರ ಇನ್ನೂ ಚಲೋ ಇತ್ತಲ್ಲಬೇ." ನನಗೆ ಮೈ ಜುಮ್ಮೆಂದಿತು. ನಿನ್ನ ಅಜ್ಜಿ ಮಾಡುತ್ತಿದ್ದಳು ಅದನ್ನು! ಕುಸುಬಿ ಕಾಳು ನೆನೆಹಾಕಿ, ಒರಳಿನಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆಯುತ್ತಿದ್ದಳು. ಕುಟ್ಟಿದ ಗೋಧಿ ಬೇಯಿಸಿ, ಬೆಲ್ಲ ಹಾಕಿ, ಆ ಹಾಲು ಹೊಯ್ದು ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುಗಿಸುತ್ತಿದ್ದಳು. ನಾನು ಬಟ್ಟೆಯ ಇನ್ನೊಂದು ತುದಿ ಹಿಡಿಯುತ್ತಿದ್ದೆ. ನೀನು ಅಂಗಡಿಯಿಂದ ಡಬ್ಬಿಯಲ್ಲಿ ಬಾದಾಮಿ ಹಾಲು ತರುತ್ತೀ, ನಾನು ಅದನ್ನು ನೋಡಿ ಮುಖ ಸಿಂಡರಿಸುತ್ತೇನೆ. ನಮ್ಮ ಮನೆಯಲ್ಲೇ ಕಾಳಿನ ಹಾಲು ಹಿಂಡಿದ ಕೈ ನನ್ನದು. ಹೇಗೆ ಮರೆತೆ?

ಈಗ ಕುಸುಬಿ ಬಿತ್ತುವವರು ಕಡಿಮೆ. ಕಾಲುವೆ ಕಡೆ ಎಲ್ಲಾ ಭತ್ತ. ಆದರೂ ಹಿರೇಬೆಣಕಲ್ಲಿನ ಆ ಹೆಣ್ಣುಮಗಳು ಒಣಭೂಮಿ ಇರುವ ತನ್ನ ತವರಿನಿಂದ ಎರಡು ಕಿಲೋ ತರಿಸಿಕೊಡುತ್ತೇನೆ ಅಂದಿದ್ದಾಳೆ. ನಮ್ಮ ಊಟದ ದುಡ್ಡನ್ನು ಅವರು ಎಂಟು ಜನ ಸಮನಾಗಿ ಹಂಚಿಕೊಂಡರು, ನಮ್ಮೆದುರೇ. ವಾರಕ್ಕೆ ಒಂದು ಗುಂಪು ಹೀಗೆ ಬಂದರೆ ಸಾಕು, ಮಕ್ಕಳ ಫೀ ಕಟ್ಟಬಹುದು ಅಂತ ಒಬ್ಬಳು ಹೇಳಿದಳು. ನಿನ್ನ ಆಫೀಸಿನವರು ಹಂಪಿಗೆ ಬರುತ್ತಿರುತ್ತಾರಲ್ಲ, ಒಂದು ದಿನ ಜಾಸ್ತಿ ಇಟ್ಟುಕೊಂಡು ಇಲ್ಲಿಗೂ ಬರಲಿ. ಊಟಕ್ಕೆ ಎರಡು ದಿನ ಮೊದಲು ಹೇಳಬೇಕು. ನೀರು ತಲೆಗೆ ಎರಡು ಲೀಟರ್ ಇರಲಿ, ಮೇಲೆ ಏನೂ ಸಿಗುವುದಿಲ್ಲ. ಒಳ್ಳೆಯ ಬೂಟು ಹಾಕಿಕೊಂಡು ಬರಲಿ.

ಎಳ್ಳ ಅಮಾವಾಸ್ಯೆಗೆ ನೀನು ಬಾ. ಚಿಗವ್ವನ ಹೊಲಕ್ಕೆ ಚರಗ ಚೆಲ್ಲಲು ಹೋಗೋಣ. ಬುತ್ತಿ ನಾನು ಕಟ್ಟುತ್ತೇನೆ. ನಿನ್ನ ಡಬ್ಬಿ ತರಬೇಡ. ಹೋಳಿಗೆಗೆ ಎಣ್ಣೆಯನ್ನೇ ಹಚ್ಚುತ್ತೇನೆ, ನಿನ್ನ ಅಪ್ಪನ ಎರಡು ಹೋಳಿಗೆಗೆ ಮಾತ್ರ ಬೇರೆ ಕಾವಲಿಯಲ್ಲಿ ತುಪ್ಪ. ಅವರಿಗೂ ಹೇಳಿದ್ದೇನೆ, ಒಪ್ಪಿದ್ದಾರೆ. ಹುಗ್ಗಿ ಮಾಡುವಾಗ ಬಟ್ಟೆಯ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು.

ಈ ಪತ್ರದ ಜೊತೆ ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಕಳಿಸುತ್ತಿದ್ದೇನೆ. ಕೆಂಪು ಮುಚ್ಚಳದ್ದು ಖಾರ ಜಾಸ್ತಿ, ಅದನ್ನು ನಿನ್ನ ರೂಮಿನ ಹುಡುಗಿಗೆ ಕೊಡಬೇಡ. ಒದ್ದೆ ಚಮಚ ಹಾಕಬೇಡ.

ನಿನ್ನ
ಅವ್ವ