ಪದಬಂಧದ ಉತ್ತರ ಏನಾಯಿತು?

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಪದಬಂಧದ ಉತ್ತರಗಳು ಬರಲಿಲ್ಲ. ಹನ್ನೊಂದನೇ ಪುಟದ ಕೆಳಗೆ ಅವಕ್ಕೆಂದು ಬಿಟ್ಟಿದ್ದ ಚೌಕ ಖಾಲಿಯಾಗಿಯೇ ಅಚ್ಚಾಯಿತು. ಪದಬಂಧ ರಚಿಸುವವರು ಉತ್ತರಗಳನ್ನು ಹಾಳೆಯಲ್ಲಿ ಬರೆದು ಸಭೆಯ ದಿನವೇ ಕೊಟ್ಟರಂತೆ. ಯಾರ ಕೈಗೆ ಅಂತ ನೆನಪಿಲ್ಲವಂತೆ. ಪುಟ ಜೋಡಿಸುವವರು ತಮಗೆ ಬಂದೇ ಇಲ್ಲ ಅನ್ನುತ್ತಾರೆ. ಕರಡು ತಿದ್ದುವವರು ಖಾಲಿ ಚೌಕವನ್ನು ನೋಡಿದ್ದರು, ಆದರೆ ಅದೂ ಒಂದು ವಿನ್ಯಾಸ ಇರಬೇಕು ಅಂದುಕೊಂಡು ಸುಮ್ಮನಾದರು. ಖಜಾಂಚಿಯವರಿಗೂ ಇದಕ್ಕೂ ಸಂಬಂಧವೇ ಇಲ್ಲ. ಆದರೂ ಯಾರೂ ಕೇಳುವ ಮೊದಲೇ "ನಾನಲ್ಲ" ಅಂದರು.

ಒಂದು ಪತ್ತೇದಾರಿ ಕಥೆಗೆ ಇನ್ನೇನು ಬೇಕು? ಬೆರಳೆಣಿಕೆಯ ಜನ. ಎಲ್ಲರಿಗೂ ಎಲ್ಲರ ಪರಿಚಯ. ಒಂದು ವಸ್ತು ಕಾಣೆ. ಎಲ್ಲರ ಮೇಲೂ ಚೂರುಚೂರು ಅನುಮಾನ. ಕೊಲೆಯೊಂದು ಆಗಿಲ್ಲ, ಅಷ್ಟೇ.

ನಾನು ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದ ವಿಷಯಕ್ಕೆ ಈ ಘಟನೆ ಒಳ್ಳೆ ನೆಪವಾಯಿತು. ಈಚೆಗೆ ನಾನು ಓದುವುದರಲ್ಲಿ ಮುಕ್ಕಾಲು ಪಾಲು 'ಕೋಝಿ ಮಿಸ್ಟರಿ' ಸರಣಿಗಳು. ಬೆಚ್ಚಗೆ ಹೊದ್ದುಕೊಂಡು, ಕಾಲು ಮಡಚಿ ಕೂತು ಓದುವ ಪತ್ತೇದಾರಿ ಕಾದಂಬರಿಗಳು ಅನ್ನಿ. ಇದರ ಹುಚ್ಚು ಹಿಡಿಸಿದವರು ನಮ್ಮ ಸಂಘದ ಹಿರಿಯ ಸದಸ್ಯೆಯೊಬ್ಬರು. ಎಲ್ಲರೂ ಅವರನ್ನು ದೊಡ್ಡಮ್ಮ ಅಂತಲೇ ಕರೆಯುತ್ತೇವೆ. ಸಭೆಗಳಲ್ಲಿ ಮೂಲೆಯ ಕುರ್ಚಿಯಲ್ಲಿ ಸದ್ದಿಲ್ಲದೆ ಕೂತಿರುತ್ತಾರೆ. ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಅನ್ನುವುದು ಮಾತ್ರ ಅವರಿಗೇ ಮೊದಲು ಗೊತ್ತಾಗುತ್ತದೆ. ಒಂದು ದಿನ ಚೀಲದಿಂದ ಪುಸ್ತಕ ತೆಗೆದು ಕೈಗಿಟ್ಟರು. "ನಿದ್ದೆ ಬರಲ್ಲ ಅಂದ್ಯಲ್ಲಪ್ಪ, ಇದನ್ನ ಓದು. ಕೊಲೆ ಇದೆ, ಹೆದರಬೇಡ."

ಕೊಲೆ ಇರುತ್ತದೆ ನಿಜ, ಆದರೆ ನಮ್ಮ ಕಣ್ಣೆದುರಿಗೆ ಆಗುವುದಿಲ್ಲ. ಹಿಂದಿನ ರಾತ್ರಿಯೋ, ಪಕ್ಕದ ಕೋಣೆಯಲ್ಲೋ ಆಗಿ ಮುಗಿದಿರುತ್ತದೆ. ಸತ್ತವನು ಸಾಮಾನ್ಯವಾಗಿ ಯಾರಿಗೂ ಬೇಡವಾದ ಆಸಾಮಿ. ಹಾಗಾಗಿ ಅಳುವವರು ಕಡಿಮೆ, ಅನುಮಾನಕ್ಕೆ ಸಿಕ್ಕುವವರು ಜಾಸ್ತಿ. ರಕ್ತಕ್ಕಿಂತ ವಿಷದ ಬಳಕೆ ಹೆಚ್ಚು. ಇದಕ್ಕೆ ದಾರಿ ಹಾಕಿಕೊಟ್ಟವರಲ್ಲಿ ಇಂಗ್ಲೆಂಡಿನ ಲೇಖಕಿ ಅಗಾಥಾ ಕ್ರಿಸ್ಟಿ ಮುಖ್ಯರು. ಮೊದಲ ಮಹಾಯುದ್ಧದ ಕಾಲದಲ್ಲಿ ಅವರು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದ್ದರು. ಯಾವ ಬಾಟಲಿಯಲ್ಲಿ ಏನಿದೆ, ಎಷ್ಟು ಹನಿಗೆ ಏನಾಗುತ್ತದೆ ಅನ್ನುವುದನ್ನು ಅಲ್ಲೇ ಕಲಿತರು. ಆ ಪಾಠ ಜೀವನಪೂರ್ತಿ ಕೈ ಹಿಡಿಯಿತು.

ಪತ್ತೆ ಮಾಡುವವರು ಪೊಲೀಸರಲ್ಲ. ಪುಸ್ತಕದಂಗಡಿ ಇಟ್ಟವಳು, ಬೇಕರಿ ನಡೆಸುವವಳು, ನಿವೃತ್ತ ಮೇಷ್ಟ್ರು, ಪಾದ್ರಿ, ಸ್ವೆಟರ್ ಹೆಣೆಯುವ ಅಜ್ಜಿ. ಅಧಿಕಾರ ಇಲ್ಲ, ಪಿಸ್ತೂಲು ಇಲ್ಲ, ಪ್ರಯೋಗಾಲಯ ಇಲ್ಲ. ಇರುವುದು ಕಿವಿ, ಕಣ್ಣು ಮತ್ತು ಕೈತುಂಬಾ ಸಮಯ. ಈ ಪುಸ್ತಕಗಳಲ್ಲಿ ನನಗೆ ಅತಿ ಇಷ್ಟವಾಗುವುದು ಇದೇ. ಹೊರಗೆ ನಾವು ಯಾವುದನ್ನು ಕಾಡುಹರಟೆ ಅಂತ ತಳ್ಳಿಹಾಕುತ್ತೇವೋ ಅದಕ್ಕೇ ಇಲ್ಲಿ ಬೆಲೆ. ಕ್ರಿಸ್ಟಿಯವರ ಮಿಸ್ ಮಾರ್ಪಲ್ ವಾಸ ಸೇಂಟ್ ಮೇರಿ ಮೀಡ್ ಅನ್ನುವ ಪುಟ್ಟ ಹಳ್ಳಿಯಲ್ಲಿ. ಆಕೆಯ ವಿಧಾನ ಬಹಳ ಸರಳ. ಎಂಥ ದೊಡ್ಡ ಮನುಷ್ಯ ಎದುರಿಗೆ ಬಂದರೂ ತನ್ನ ಹಳ್ಳಿಯಲ್ಲಿ ಅವನಂಥವರು ಯಾರಿದ್ದಾರೆ ಅಂತ ಯೋಚಿಸುತ್ತಾಳೆ. ಆ ಹಳ್ಳಿಯವನು ಚಿಲ್ಲರೆ ಹಣದಲ್ಲಿ ಮೋಸ ಮಾಡಿದ್ದರೆ, ಈ ದೊಡ್ಡ ಮನುಷ್ಯ ದೊಡ್ಡದರಲ್ಲಿ ಮಾಡಿರುತ್ತಾನೆ. ಇನ್ಸ್‌ಪೆಕ್ಟರು ನಗುತ್ತಾನೆ. ಕೊನೆಯ ಅಧ್ಯಾಯದಲ್ಲಿ ನಗು ನಿಲ್ಲುತ್ತದೆ.

ಹಾಗಾದರೆ ಒಂದು ಪುಸ್ತಕ ಓದಿದರೆ ಸಾಲದೇ, ಸರಣಿ ಯಾಕೆ? ಕೊಲೆಗಾರ ಯಾರು ಅನ್ನುವ ಕುತೂಹಲ ಆ ಪುಸ್ತಕದ ಜೊತೆಗೇ ಮುಗಿಯುತ್ತದೆ. ಆದರೆ ಪುಸ್ತಕದಂಗಡಿಯ ಹಂಚಿನ ಸೋರಿಕೆ ರಿಪೇರಿ ಆಯಿತೇ? ಪಕ್ಕದ ಮನೆಯಾಕೆ ಮಗಳ ಜೊತೆ ರಾಜಿಯಾದಳೇ? ಆ ಇನ್ಸ್‌ಪೆಕ್ಟರು ಇವಳನ್ನು ಮದುವೆ ಆಗುತ್ತಾನೋ ಇಲ್ಲವೋ? ನಾಲ್ಕನೇ ಪುಸ್ತಕದ ಹೊತ್ತಿಗೆ ನನಗೆ ಹೆಣಕ್ಕಿಂತ ಇವೇ ಮುಖ್ಯವಾಗಿರುತ್ತವೆ. ಏಳನೆಯದರಲ್ಲಿ ಕಥೆ ಸ್ವಲ್ಪ ಸಡಿಲವಾದರೂ ಕೋಪ ಬರುವುದಿಲ್ಲ. ಪರಿಚಯದವರ ಮನೆಗೆ ಹೋದಾಗ ಇವತ್ತು ಮಾತು ಸಪ್ಪೆಯಾಯಿತು ಅಂತ ಯಾರಾದರೂ ಸಂಬಂಧ ಬಿಡುತ್ತಾರಾ?

ಆ ಲೋಕದ ಕಾಲವೂ ಬೇರೆ. ಮಿಸ್ ಮಾರ್ಪಲ್ ಮೊದಲು ಕಾಣಿಸಿಕೊಂಡದ್ದು 1927ರ ಒಂದು ಸಣ್ಣ ಕಥೆಯಲ್ಲಿ. ಆಗಲೇ ಮುದುಕಿ. ಆಕೆಯ ಕೊನೆಯ ಕಾದಂಬರಿ ಹೊರಬಂದದ್ದು 1976ರಲ್ಲಿ. ಆಗಲೂ ಮುದುಕಿ, ಅಷ್ಟೇ! ಕ್ರಿಸ್ಟಿಯವರ ಇನ್ನೊಬ್ಬ ಪತ್ತೇದಾರ ಹರ್ಕ್ಯೂಲ್ ಪ್ವಾರೋ 1920ರ ಮೊದಲ ಕಾದಂಬರಿಯಲ್ಲೇ ಪೊಲೀಸ್ ಕೆಲಸದಿಂದ ನಿವೃತ್ತ. ಆಮೇಲೆ ಐವತ್ತೈದು ವರ್ಷ ದುಡಿದ. 1975ರಲ್ಲಿ ಕ್ರಿಸ್ಟಿ ಅವನನ್ನು ಸಾಯಿಸಿದಾಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಮೊದಲ ಪುಟದಲ್ಲೇ ನಿಧನ ವಾರ್ತೆ ಹಾಕಿತು. ಹುಟ್ಟೇ ಇಲ್ಲದ ಮನುಷ್ಯನಿಗೆ! ಓದುಗರೂ ಇಂಥದ್ದೇ ಗಟ್ಟಿ ಪಿಂಡಗಳು. ಲಿಲಿಯನ್ ಜ್ಯಾಕ್ಸನ್ ಬ್ರೌನ್ ಅನ್ನುವ ಅಮೆರಿಕದ ಲೇಖಕಿ ಒಬ್ಬ ಪತ್ರಕರ್ತ ಮತ್ತು ಅವನ ಸಯಾಮಿ ಬೆಕ್ಕುಗಳ ಸರಣಿ ಬರೆದರು. 1966ರಿಂದ 1968ರ ಒಳಗೆ ಮೂರು ಪುಸ್ತಕ. ಆಮೇಲೆ ಹದಿನೆಂಟು ವರ್ಷ ಏನೂ ಇಲ್ಲ. 1986ರಲ್ಲಿ ನಾಲ್ಕನೆಯದು ಬಂತು, ಓದುಗರೂ ಬಂದರು. ಕೊನೆಗೆ ಲೆಕ್ಕ 29ಕ್ಕೆ ಮುಟ್ಟಿತು.

ಕನ್ನಡಕ್ಕೆ ಈ ರುಚಿ ಹೊಸದಲ್ಲ. ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನನ್ನು ಒಂದು ತಲೆಮಾರೇ ಬೆನ್ನು ಹತ್ತಿತ್ತು. ಅವು ಕೋಝಿ ಅಲ್ಲ ಬಿಡಿ, ಸಾಹಸ ಜಾಸ್ತಿ. ಆದರೆ 'ಮುಂದಿನದು ಎಲ್ಲಿ?' ಅನ್ನುವ ಹಸಿವು ಇದೇ.

ನನ್ನ ಓದು ನಡೆಯುವುದು ರಾತ್ರಿ. ಮಂಚದ ಪಕ್ಕದ ಮೇಜಿನ ಮೇಲೆ ದೀಪ, ಕನ್ನಡಕದ ಡಬ್ಬಿ, ನೀರಿನ ಲೋಟ, ಗುರುತಿಗೆ ಕೈಗೆ ಸಿಕ್ಕ ಕಾಗದ ಮಡಚಿಟ್ಟ ಪುಸ್ತಕಗಳು, ಚಾರ್ಜಿಗೆ ಹಾಕಿದ ಫೋನು. ಹೋದ ತಿಂಗಳು ಒಂದು ತಮಾಷೆ ಆಯಿತು. ಹೊಸ ಪುಸ್ತಕ ಶುರು ಮಾಡಿ ನೂರು ಪುಟ ಓದಿದ್ದೆ. ಕೊಲೆಗಾರ ಇವನೇ ಅಂತ ಥಟ್ಟನೆ ಹೊಳೆಯಿತು. ಹೆಮ್ಮೆಯಿಂದ ಹೆಂಡತಿಯನ್ನು ಎಬ್ಬಿಸಿ ಹೇಳಿದೆ. ಅವಳು ಕಣ್ಣು ಬಿಡದೆ, "ಹೋದ ವರ್ಷವೂ ಇದೇ ಪುಸ್ತಕ ಓದಿ, ಇದೇ ಹೆಸರು ಹೇಳಿ ಎಬ್ಬಿಸಿದ್ರಿ" ಅಂದಳು. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ ಅಂತ ನನ್ನ ವಾದ. ಮರೆವು ಈ ಓದುಗರಿಗೆ ವರ. ಒಂದೇ ಪುಸ್ತಕ ಎರಡು ಸಲ ಹೊಸದು.

ಮರೆಯದೆ ಎರಡನೇ ಸಲ ಓದಿದರೆ ಇನ್ನೊಂದು ಸುಖ. ಲೇಖಕರು ಸುಳಿವನ್ನು ಎಲ್ಲಿ ಬಚ್ಚಿಟ್ಟರು ಅಂತ ನೋಡಬಹುದು. ಅವರು ಬಚ್ಚಿಡುವುದು ಕತ್ತಲಲ್ಲಲ್ಲ, ಬೆಳಕಿನಲ್ಲಿ. ಐದಾರು ಸಾಮಾನುಗಳ ಪಟ್ಟಿ ಕೊಟ್ಟು, ಬೇಕಾದದ್ದನ್ನು ನಡುವೆ ತುರುಕುತ್ತಾರೆ. ನಮ್ಮ ಕಣ್ಣು ಮೊದಲನೆಯದನ್ನೂ ಕೊನೆಯದನ್ನೂ ಹಿಡಿದು ಮುಂದೆ ಓಡುತ್ತದೆ. ಇಲ್ಲವೇ ಸುಳಿವು ಕೊಟ್ಟ ಮರುಗಳಿಗೆಯೇ ಗಲಾಟೆ ಎಬ್ಬಿಸುತ್ತಾರೆ. ಯಾರೋ ಜಾರಿ ಬೀಳುತ್ತಾರೆ, ಬಾಗಿಲು ಬಡಿಯುತ್ತದೆ, ನಗು ತರಿಸುವ ಮಾತು ಬರುತ್ತದೆ. ಇನ್ನೂ ಒಳ್ಳೆಯ ಉಪಾಯವೆಂದರೆ ಯಾರೂ ಕಿವಿಗೊಡದ ಪಾತ್ರದ ಬಾಯಲ್ಲಿ ನಿಜ ಹೇಳಿಸುವುದು. ನಾವೂ ಕಿವಿಗೊಡುವುದಿಲ್ಲ. ಕೊನೆಗೆ ಹಣೆ ಚಚ್ಚಿಕೊಳ್ಳುತ್ತೇವೆ. ಬೇರೆ ಯಾವ ಮೋಸವೂ ಇಷ್ಟು ಖುಷಿ ಕೊಡುವುದಿಲ್ಲ.

ಈ ಆಟ ನ್ಯಾಯವಾಗಿ ನಡೆಯಲಿ ಅಂತ 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಹತ್ತು ಕಟ್ಟಳೆ ಬರೆದಿಟ್ಟರು. ಅವರೂ ಪತ್ತೇದಾರಿ ಲೇಖಕರೇ. ಭೂತಪ್ರೇತ ಕರೆಸಬಾರದು. ಗುಪ್ತ ದಾರಿ ಒಂದಕ್ಕಿಂತ ಹೆಚ್ಚು ಇರಬಾರದು. ಮೊದಲೇ ಸೂಚನೆ ಕೊಡದೆ ಅವಳಿಜವಳಿಯನ್ನು ತಂದು ನಿಲ್ಲಿಸಬಾರದು. ಎಲ್ಲಕ್ಕಿಂತ ಮೊದಲ ಕಟ್ಟಳೆ ಹೀಗಿದೆ: ಅಪರಾಧಿ ಕಥೆಯ ಶುರುವಿನಲ್ಲೇ ಬಂದಿರಬೇಕು, ಆದರೆ ಅವನ ಮನಸ್ಸಿನ ಯೋಚನೆಗಳು ಓದುಗರಿಗೆ ತಿಳಿದಿರಬಾರದು.

ಎಲ್ಲವೂ ಚೆನ್ನಾಗಿರುತ್ತವೆ ಅಂತ ನಾನು ಹೇಳುತ್ತಿಲ್ಲ. ಈಗ ಈ ಸರಣಿಗಳು ರಾಶಿರಾಶಿ ಬರುತ್ತಿವೆ. ಶೀರ್ಷಿಕೆಯಲ್ಲೊಂದು ಶ್ಲೇಷೆ, ಮುಖಪುಟದಲ್ಲೊಂದು ಬೆಕ್ಕು, ಕೊನೆಯಲ್ಲಿ ಅಡುಗೆ ವಿಧಾನ ಇದ್ದರೆ ಸಾಕು ಅನ್ನುವವರೂ ಇದ್ದಾರೆ. ಬೆಕ್ಕು ಸುಳಿವು ಕೊಟ್ಟರೆ ಸಹಿಸುತ್ತೇನೆ. ಮಾತಾಡಿದರೆ ಸಹಿಸುವುದಿಲ್ಲ. ಅದಕ್ಕಿಂತ ರೇಗುವುದು ನಾಯಕಿ ಯಾರಿಗೂ ಹೇಳದೆ, ಒಬ್ಬಳೇ, ರಾತ್ರಿ ಹೊತ್ತು ಕೊಲೆಗಾರನ ಮನೆಗೆ ಹೋಗುವಾಗ. ಫೋನು ಕೈಯಲ್ಲೇ ಇದೆಯಲ್ಲ ತಾಯಿ, ಒಂದು ಕರೆ ಮಾಡಬಾರದಾ? ಹೀಗೇ ಸಿಟ್ಟು ಬಂದು ಒಂದನ್ನು ನಡುವೆಯೇ ಮುಚ್ಚಿಟ್ಟೆ. ಇನ್ನೂ ಮೇಜಿನ ಮೇಲೇ ಬಿದ್ದಿದೆ.

ಇನ್ನು ಅಷ್ಟು ಸಣ್ಣ ಊರಿನಲ್ಲಿ ಅಷ್ಟೊಂದು ಕೊಲೆಗಳಾ ಅಂತ ಕೇಳುವವರಿದ್ದಾರೆ. 1984ರಿಂದ 1996ರವರೆಗೆ ನಡೆದ ಅಮೆರಿಕದ ಒಂದು ಟಿವಿ ಸರಣಿಯಲ್ಲಿ ಕ್ಯಾಬಟ್ ಕೋವ್ ಅನ್ನುವ ಕಡಲತೀರದ ಊರಿದೆ. ಪತ್ತೆ ಮಾಡುವಾಕೆ ಅಲ್ಲಿಯ ಲೇಖಕಿ. ಒಟ್ಟು 264 ಕಂತು. ಎಲ್ಲ ಕೊಲೆಯೂ ಆ ಊರಲ್ಲೇ ಆಗಲಿಲ್ಲ, ಆಕೆ ಹೋದಲ್ಲೆಲ್ಲ ಆದವು. ನಾನಾಗಿದ್ದರೆ ಆಕೆಯನ್ನು ಮನೆಗೆ ಕರೆಯುತ್ತಿರಲಿಲ್ಲ. ಈ ಪ್ರಶ್ನೆಗೆ ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ ಚೆಂದದ ಉತ್ತರ ಕಂಡುಕೊಂಡರು. 1998ರಲ್ಲಿ ಶುರುವಾದ ಅವರ ಸರಣಿಯಲ್ಲಿ ಬೋಟ್ಸ್ವಾನದ ಪ್ರೆಶಸ್ ರಮೋಟ್ಸ್ವೆ ಎಂಬಾಕೆ ಪತ್ತೇದಾರಿ ಕಚೇರಿ ತೆರೆಯುತ್ತಾಳೆ. ಅಲ್ಲಿಗೆ ಬರುವುದು ಹೆಚ್ಚಾಗಿ ಕಾಣೆಯಾದ ಗಂಡಂದಿರ, ಸುಳ್ಳು ಹೇಳುವ ಮಕ್ಕಳ, ನಂಬಿಕೆ ಕೆಟ್ಟವರ ಪ್ರಕರಣಗಳು. ಕೊಲೆ ಇಲ್ಲದೆಯೂ ಪುಟ ತಿರುಗುತ್ತದೆ. ಯಾರು ಯಾಕೆ ಸುಳ್ಳು ಹೇಳಿದರು ಅನ್ನುವುದೇ ಸಾಕಷ್ಟು ದೊಡ್ಡ ರಹಸ್ಯ.

ಕಾಣೆಯಾದದ್ದು ಅಂದಾಗ ನೆನಪಾಯಿತು. ಮೊನ್ನೆ ದೊಡ್ಡಮ್ಮ ಫೋನು ಮಾಡಿದರು. ಪದಬಂಧದ ಕಥೆಯನ್ನೆಲ್ಲ ಹೇಳಿದೆ. ಪುಟ ಜೋಡಿಸುವವರ ಮೇಲೆ ನನಗೆ ಅನುಮಾನ ಅಂತಲೂ ಸೇರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಆ ಸಭೆ ದಿನ ನನ್ನ ಹತ್ರ ಒಂದು ಪುಸ್ತಕ ತಗೊಂಡು ಹೋದ್ಯಲ್ಲ, ಅದನ್ನ ಓದಿ ಮುಗಿಸಿದ್ಯಾ?"

ಮುಗಿಸಿರಲಿಲ್ಲ. ಮೇಜಿನ ಮೇಲಿಂದ ಎತ್ತಿ ತೆರೆದೆ. ಗುರುತಿಗೆ ಇಟ್ಟ ಕಾಗದ ಬಿಚ್ಚಿದರೆ, ನೀಲಿ ಶಾಯಿಯಲ್ಲಿ ಎಡದಿಂದ ಬಲಕ್ಕೆ ಹದಿನಾಲ್ಕು, ಮೇಲಿನಿಂದ ಕೆಳಕ್ಕೆ ಹನ್ನೆರಡು ಉತ್ತರಗಳು.

ನಾಕ್ಸ್ ಅವರ ಮೊದಲ ಕಟ್ಟಳೆಯ ಅರ್ಧವನ್ನು ಪಾಲಿಸಿದ್ದೇನೆ, ಇನ್ನರ್ಧವನ್ನು ಮುರಿದಿದ್ದೇನೆ. ಪುಟ ಜೋಡಿಸುವವರ ಕ್ಷಮೆ ಕೇಳಿದ್ದಾಗಿದೆ. ಖಜಾಂಚಿಯವರು ಯಾಕೆ ಅಷ್ಟು ಬೇಗ "ನಾನಲ್ಲ" ಅಂದರು ಅನ್ನುವುದು ಬೇರೆಯೇ ಕಥೆ, ಅದರ ತನಿಖೆ ನಡೆಯುತ್ತಿದೆ. ಎರಡೂ ಪದಬಂಧಗಳ ಉತ್ತರ ಈ ಸಲ ಹನ್ನೊಂದನೇ ಪುಟದಲ್ಲಿವೆ. ಒಂದೇ ಒಂದು ಉತ್ತರ ಮಡಿಕೆಯಲ್ಲಿ ಸಿಕ್ಕಿ ಅಳಿಸಿಹೋಗಿದೆ, ಅದನ್ನು ನೀವೇ ತುಂಬಿಸಿಕೊಳ್ಳಿ.

ಪುಸ್ತಕ ವಾಪಸ್ ಕೊಟ್ಟೆ. ಕೊಲೆಗಾರ ಯಾರು ಅಂತ ಅಲ್ಲೇ ನಿಂತು ಕೇಳಿದೆ. ದೊಡ್ಡಮ್ಮ ಹೇಳಲಿಲ್ಲ.