ಹಸಿರಾದ ತುಂಗಭದ್ರೆ: ಪರೀಕ್ಷೆ ಆಗಲಿ

ಮಾನ್ಯರೇ,

ತುಂಗಭದ್ರಾ ಜಲಾಶಯದ ನೀರು ಮತ್ತೆ ಹಸಿರಾಗಿರುವ ವರದಿ ಓದಿ ಸಂಕಟವಾಯಿತು. ಹಿನ್ನೀರಿನ ದಡದಲ್ಲಿ ಕೈ ಅದ್ದಿದರೆ ಬೆರಳ ಸಂದಿಗೆಲ್ಲ ಪಾಚಿ ಮೆತ್ತಿಕೊಳ್ಳುತ್ತದೆ. ಹರಿಗೋಲಿನಲ್ಲಿ ಹೋಗಿ ಬಲೆ ಬೀಸುವವರು ದಿನವಿಡೀ ಇದೇ ನೀರಿನಲ್ಲಿ ಇರುತ್ತಾರೆ.

ಇದು ಸುಮ್ನೆ ಬಣ್ಣದ ಮಾತಲ್ಲ. ಚರಂಡಿ ನೀರು, ಗದ್ದೆಯಿಂದ ಹರಿದು ಬರುವ ಗೊಬ್ಬರ ಸೇರಿ, ನಿಂತ ನೀರಿಗೆ ಬಿಸಿಲು ಬಿದ್ದರೆ ನೀಲಿ-ಹಸಿರು ಪಾಚಿ ಉಕ್ಕುತ್ತದೆ. ಅದು ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗಿ ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಈ ಪಾಚಿಯ ಕೆಲವು ಬಗೆಗಳು ವಿಷವನ್ನೂ ಬಿಡುತ್ತವೆ. ನೀರು ಕುದಿಸಿದರೂ ಆ ವಿಷ ಹೋಗುವುದಿಲ್ಲ. ಕುದಿಸಿ ಕುಡಿದರೆ ಸಾಕು ಅಂತಲೇ ನಾವೆಲ್ಲ ನಂಬಿಕೊಂಡಿದ್ದೇವೆ, ಅಲ್ವಾ?

ನೀರು ಹಸಿರಾಗಿರುವ ದಿನಗಳಲ್ಲಿ ವಾರಕ್ಕೊಮ್ಮೆಯಾದರೂ ವಿಷದ ಪರೀಕ್ಷೆ ನಡೆಯಲಿ. ಫಲಿತಾಂಶವನ್ನು ದಡದ ಊರುಗಳ ಪಂಚಾಯಿತಿ ಬೋರ್ಡಿನಲ್ಲಿ ಎಲ್ಲರಿಗೂ ತಿಳಿಯುವಂತೆ ಬರೆಯಲಿ. ಮೀನು ಹಿಡಿಯಬೇಡಿ ಎಂದು ಹೇಳಬೇಕಾಗಿ ಬಂದರೆ, ಅಷ್ಟು ದಿನದ ಕೂಲಿಯನ್ನು ಮೀನುಗಾರರ ಕೈಗೆ ಕೊಟ್ಟೇ ಹೇಳಲಿ.

– ಓದುಗ, ಹೊಸಪೇಟೆ